ಮಳೆಯನ್ನೇ ನಂಬಿದ ಹೊಲದಲ್ಲಿ ನಾರಿನ ಬೆಳೆ

ಅನ್ನ, ಅರಿವೆ, ಆಸರೆ – ಈ ಮೂರು ಮನುಷ್ಯನ ಮೊದಲ ಅಗತ್ಯಗಳೆಂದು ನಾವೆಲ್ಲ ಚಿಕ್ಕಂದಿನಿಂದ ಓದುತ್ತ ಬಂದಿದ್ದೇವೆ. ಅನ್ನ ಕೊಡುವ ಬೆಳೆಗಳನ್ನು ಕುರಿತು ಪಾಠಗಳೂ ಪ್ರಬಂಧಗಳೂ ಬೇಕಾದಷ್ಟಿವೆ. ಅರಿವೆ, ಹಗ್ಗ, ಚೀಲಗಳನ್ನು ಕೊಡುವ ನಾರಿನ ಬೆಳೆಗಳನ್ನು ಕುರಿತು ನಾವು ಯೋಚಿಸುವುದು ಕಡಿಮೆ. ಆದರೆ ನಮ್ಮ ಆದವಾನಿ ಸೀಮೆಯ ಶಾಲೆಗಳ ಹಾಜರಿ ಪುಸ್ತಕಕ್ಕೆ ಈ ಬೆಳೆಯ ವಿಷಯ ಚೆನ್ನಾಗಿ ಗೊತ್ತು. ದೀಪಾವಳಿ ಕಳೆದು ಹೊಲದಲ್ಲಿ ಹತ್ತಿ ಒಡೆಯತೊಡಗಿದರೆ ಇತ್ತ ತರಗತಿಯ ಬೆಂಚುಗಳು ಬರಿದಾಗತೊಡಗುತ್ತವೆ. ಕೆಲವರು ತಮ್ಮ ಹೊಲದ ಹತ್ತಿ ಬಿಡಿಸಲು ನಿಲ್ಲುತ್ತಾರೆ. ಮಳೆ ಕೈಕೊಟ್ಟ ವರ್ಷ ಕೆಲವರು ತಂದೆತಾಯಿಯರೊಡನೆ ಗುಂಟೂರಿನ ಕಡೆಗೋ ತೆಲಂಗಾಣದ ಕಡೆಗೋ ಕೂಲಿಗೆ ಹೊರಡುತ್ತಾರೆ. ಹೋದವರೆಲ್ಲ ಸಂಕ್ರಾಂತಿಯ ಹೊತ್ತಿಗೆ ಮರಳಿ ಬರುತ್ತಾರೆಂದು ಹೇಳುವಂತಿಲ್ಲ.

ಈ ವರ್ಷ ಒಂಬತ್ತನೆಯ ತರಗತಿಗೆ ‘ನಮ್ಮ ಹೊಲ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದೆವು. ಒಬ್ಬ ವಿದ್ಯಾರ್ಥಿನಿ ತನ್ನ ಪ್ರಬಂಧವನ್ನು ಹೀಗೆ ಮುಗಿಸಿದ್ದಳು: “ಮಳೆ ಬಂದರೆ ಹತ್ತಿ, ಬಾರದಿದ್ದರೆ ಸಾಲ.” ಆ ವಾಕ್ಯದಲ್ಲಿ ತಿದ್ದುವಂಥ ತಪ್ಪು ಒಂದೂ ಇರಲಿಲ್ಲ. ಆದರೆ ಮಳೆಗೂ ಸಾಲಕ್ಕೂ ನಡುವೆ ಒಕ್ಕಲಿಗನ ಕೈಯಲ್ಲಿ ಏನೂ ಇಲ್ಲವೇ ಎಂಬ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ನಾವು ಭಾಷೆ ಕಲಿಸುವವರು, ಕೃಷಿ ಪಂಡಿತರಲ್ಲ. ಒಕ್ಕಲುತನದ ಮನೆಯಲ್ಲಿ ಬೆಳೆದು ಕಂಡದ್ದನ್ನು, ಹಿರಿಯರಿಂದ ಕೇಳಿದ್ದನ್ನು, ಪುಸ್ತಕಗಳಲ್ಲಿ ಓದಿದ್ದನ್ನು ಕೂಡಿಸಿ ಇಲ್ಲಿ ಬರೆದಿದ್ದೇವೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿ ಹಿರಿಯರ ಮುಂದೆ ಗಟ್ಟಿಯಾಗಿ ಓದಿದರೆ ನಮ್ಮ ಶ್ರಮ ಸಾರ್ಥಕ.

ನಾರು ಇರುವುದೆಲ್ಲಿ?

ಎಲ್ಲ ನಾರೂ ಒಂದೇ ಬಗೆಯದಲ್ಲ. ಕೆಲವು ಗಿಡಗಳಲ್ಲಿ ನಾರು ಬೀಜದ ಮೇಲಿರುತ್ತದೆ. ಹತ್ತಿ ಇದಕ್ಕೆ ಉದಾಹರಣೆ. ಕೆಲವುಗಳಲ್ಲಿ ಕಾಂಡದ ತೊಗಟೆಯಲ್ಲಿರುತ್ತದೆ. ಪುಂಡಿ ಮತ್ತು ಸೆಣಬು ಈ ಗುಂಪಿನವು. ಇನ್ನು ಕೆಲವುಗಳಲ್ಲಿ ಎಲೆಯೊಳಗಿರುತ್ತದೆ; ಕತ್ತಾಳೆ ಈ ಜಾತಿಯದು. ಬೀಜ, ತೊಗಟೆ, ಎಲೆ – ಈ ಮೂರು ಮಾತುಗಳನ್ನು ನೆನಪಿಡಿರಿ. ಯಾವ ಬೆಳೆಗೆ ಯಾವಾಗ ನೀರು ಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ.

ಹತ್ತಿಯ ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ. ಹೂ ಅರಳಿದ ದಿನದಿಂದ ಅದು ಬೀಜದ ಸಿಪ್ಪೆಯಿಂದ ಹೊರಟು ಸುಮಾರು ಮೂರು ವಾರ ಉದ್ದಕ್ಕೆ ಬೆಳೆಯುತ್ತದೆ. ಆಮೇಲೆ ಮೂರು ನಾಲ್ಕು ವಾರ ಅದರ ಒಳಗೋಡೆ ದಪ್ಪವಾಗುತ್ತ ಹೋಗುತ್ತದೆ. ಹೂವಾಗಿ ಸುಮಾರು 45–50 ದಿನಕ್ಕೆ ಕಾಯಿ ಒಡೆಯುತ್ತದೆ. ಮೊದಲ ಮೂರು ವಾರದಲ್ಲಿ ನೆಲದಲ್ಲಿ ತೇವ ಇಲ್ಲದಿದ್ದರೆ ಎಳೆ ಗಿಡ್ಡವಾಗುತ್ತದೆ. ಆಮೇಲಿನ ವಾರಗಳಲ್ಲಿ ಇಲ್ಲದಿದ್ದರೆ ಎಳೆ ಬಲವಿಲ್ಲದ್ದಾಗುತ್ತದೆ. ತೇವ ತೀರ ಕಡಿಮೆಯಾದರೆ ಗಿಡವೇ ತನ್ನ ಮೊಗ್ಗು, ಹೂ, ಹೀಚುಗಳನ್ನು ಉದುರಿಸಿಬಿಡುತ್ತದೆ. ಸಾಕಲಾರದ ಮಕ್ಕಳನ್ನು ಹೊರುವುದಿಲ್ಲವೆಂದು ಗಿಡ ಮಾಡುವ ತೀರ್ಮಾನವಿದು.

ಪುಂಡಿ, ಸೆಣಬುಗಳ ಮಾತು ಬೇರೆ. ಅಲ್ಲಿ ನಮಗೆ ಬೇಕಾದುದು ಕಾಯಿಯಲ್ಲ, ಕಾಂಡ. ಗಿಡ ಎಷ್ಟು ಎತ್ತರ ಬೆಳೆಯಿತೋ ಅಷ್ಟು ನಾರು ಸಿಕ್ಕಿತು. ಮಳೆ ನಡುವೆ ನಿಂತರೆ ನಾರು ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಕೈಬಿಟ್ಟು ಹೋಗುವುದಿಲ್ಲ. ಕತ್ತಾಳೆಯಂತೂ ವರ್ಷಗಟ್ಟಲೆ ಕಾಯಬಲ್ಲದು. ಆದ್ದರಿಂದ ಈ ನಾಲ್ಕು ಬೆಳೆಗಳಲ್ಲಿ ಹೆಚ್ಚು ಹಣ ತರುವ ಹತ್ತಿಯೇ ಹೆಚ್ಚು ಗಂಡಾಂತರದ್ದು ಕೂಡ. ನಮ್ಮ ಸೀಮೆಯ ಕಷ್ಟದ ಬೇರು ಇಲ್ಲಿದೆ.

ನೆಲವೆಂಬ ಹಗೇವು

ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದ ಸಂಗತಿಯನ್ನು ನಿಮ್ಮ ಅಜ್ಜಂದಿರು ಹೇಳಿಯಾರು. ಒಣ ಬೇಸಾಯದಲ್ಲಿ ನೆಲವೇ ನೀರಿನ ಹಗೇವು. ಮಳೆಗಾಲದಲ್ಲಿ ತುಂಬಿಕೊಂಡದ್ದನ್ನು ಬೆಳೆ ಚಳಿಗಾಲದವರೆಗೆ ತೆಗೆತೆಗೆದು ಉಣ್ಣಬೇಕು.

ಒಂದು ಲೆಕ್ಕ ಮಾಡೋಣ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ಹಾಗಾದರೆ 25 ಮಿ.ಮೀ., ಅಂದರೆ ಸುಮಾರು ಒಂದು ಅಂಗುಲದ ಮಳೆ, ಎಕರೆಗೆ ಒಂದು ಲಕ್ಷ ಲೀಟರ್! ಇಷ್ಟು ನೀರನ್ನು ಯಾರೂ ಕೊಡಗಳಲ್ಲಿ ಹೊತ್ತು ಹಾಕಲಾರರು. ಆಕಾಶ ಬಿಟ್ಟಿಯಾಗಿ ಕೊಟ್ಟ ಆ ನೀರು ನೆಲದೊಳಗೆ ಇಳಿಯಿತೋ, ಹಳ್ಳದ ಪಾಲಾಯಿತೋ ಎಂಬುದೇ ಮುಖ್ಯ ಪ್ರಶ್ನೆ.

ಹಗೇವಿನ ಗಾತ್ರ ಎಲ್ಲ ಕಡೆಯೂ ಒಂದೇ ಅಲ್ಲ. ಆಳವಾದ ಎರೆ ನೆಲ ಒಂದು ಮೀಟರ್ ಆಳದಲ್ಲಿ 150ರಿಂದ 200 ಮಿ.ಮೀ.ವರೆಗೆ ಗಿಡಕ್ಕೆ ದಕ್ಕುವ ನೀರನ್ನು ಹಿಡಿದಿಡಬಲ್ಲದು. ಮಸಾರಿ ನೆಲ ಅದರ ಅರ್ಧವನ್ನೂ ಹಿಡಿಯುವುದು ಕಷ್ಟ. ಅಡಿಯಲ್ಲಿ ಗರಸು ಬೇಗ ಸಿಕ್ಕರೆ ಇನ್ನೂ ಕಡಿಮೆ. ಆದ್ದರಿಂದ ಮಳೆ ನಿಂತ ಮೇಲೆ ಎರೆಯ ಹತ್ತಿ ವಾರಗಟ್ಟಲೆ ಹಸಿರಾಗಿರುತ್ತದೆ, ಮಸಾರಿಯ ಹತ್ತಿ ಹದಿನೈದು ದಿನದಲ್ಲೇ ತಲೆ ಬಾಗಿಸುತ್ತದೆ. ಅಕ್ಕಪಕ್ಕದ ಇಬ್ಬರು ರೈತರು ಒಂದೇ ಬೀಜ, ಒಂದೇ ಗೊಬ್ಬರ ಹಾಕಿದರೂ ಒಬ್ಬನಿಗೆ ಬೆಳೆ, ಇನ್ನೊಬ್ಬನಿಗೆ ನಷ್ಟ ಆಗುವುದು ಇದರಿಂದಲೇ. ಅದನ್ನು ಹಣೆಬರಹ ಎನ್ನುವ ಮೊದಲು ಹಾರೆ ತೆಗೆದುಕೊಂಡು ಹೊಲದಲ್ಲಿ ಎರಡು ಮೂರು ಕಡೆ ಅಗೆದು ಮಣ್ಣಿನ ಆಳ ಅಳೆಯುವುದು ಮೇಲು.

ಈ ನೀರನ್ನು ನೆಲಕ್ಕೆ ಇಳಿಸುವ ವಿದ್ಯೆಯನ್ನು ನಮ್ಮ ಸುತ್ತಲಿನ ಮಣ್ಣಿನಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಪುಣೆಯ ಹತ್ತಿರದ ಮಾಂಜರಿಯಲ್ಲಿ 1923ರಲ್ಲಿ ಒಣ ಬೇಸಾಯದ ಸಂಶೋಧನೆ ಆರಂಭವಾಯಿತು. ಆಮೇಲೆ 1933ರಿಂದ ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್ – ಈ ಐದು ಕಡೆ ಕೇಂದ್ರಗಳು ಕೆಲಸ ಮಾಡಿದವು. ಹಗರಿ ಇರುವುದು ಬಳ್ಳಾರಿಯ ಮಗ್ಗುಲಲ್ಲಿ. ಆ ಕಾಲದಲ್ಲಿ ಆದವಾನಿಯೂ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕಾಗಿತ್ತು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈ ಕಡೆಗೆ ಬಂದವು. ಗಡಿ ಬದಲಾಯಿತು, ಮಣ್ಣು ಬದಲಾಗಲಿಲ್ಲ. ಹಗರಿಯ ಎರೆಗೆ ಒಪ್ಪುವ ಮಾತು ನಮ್ಮ ಎರೆಗೂ ಒಪ್ಪುತ್ತದೆ.

ಆ ಕೇಂದ್ರಗಳ ಅನುಭವದ ಸಾರ ಹೀಗಿದೆ. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಬೇಕು. ಉಳುವುದು, ಬಿತ್ತುವುದು, ಹರಗುವುದು ಎಲ್ಲವೂ ಇಳಿಜಾರಿಗೆ ಅಡ್ಡಲಾಗಿಯೇ ನಡೆಯಬೇಕು. ಆಗ ಒಂದೊಂದು ಸಾಲೂ ಒಂದೊಂದು ಪುಟ್ಟ ಒಡ್ಡಾಗಿ ನೀರನ್ನು ತಡೆಯುತ್ತದೆ. ಕೊಟ್ಟಿಗೆ ಗೊಬ್ಬರ ಹಾಕಿದ ಮಣ್ಣು ಹೆಚ್ಚು ನೀರು ಹಿಡಿಯುತ್ತದೆ. ಬೀಜ ಕಡಿಮೆ ಹಾಕಿ ಸಾಲುಗಳ ನಡುವೆ ಅಂತರ ಹೆಚ್ಚಿಸಬೇಕು; ನೀರು ಕಡಿಮೆ ಇರುವ ಮನೆಯಲ್ಲಿ ಉಣ್ಣುವ ಬಾಯಿಗಳೂ ಕಡಿಮೆ ಇರಬೇಕಲ್ಲವೇ? ಎಲ್ಲಕ್ಕಿಂತ ಮುಖ್ಯವಾಗಿ, ಮೇಲಿಂದ ಮೇಲೆ ಎಡೆಕುಂಟೆ ಹೊಡೆಯಬೇಕು. ಎಡೆಕುಂಟೆಯಿಂದ ಕಳೆ ಸಾಯುವುದಷ್ಟೇ ಲಾಭವಲ್ಲ. ಎರೆ ನೆಲ ಒಣಗಿ ಬಿರಿದಾಗ ಆ ಬಿರುಕುಗಳಿಂದ ಒಳಗಿನ ತೇವ ಗಾಳಿಗೆ ಹಾರಿಹೋಗುತ್ತದೆ. ಕುಂಟೆಯಿಂದ ಎದ್ದ ಪುಡಿ ಮಣ್ಣು ಆ ಬಾಯಿಗಳನ್ನು ಮುಚ್ಚುತ್ತದೆ. ‘ಹದ ನೋಡಿ ಹರಗು, ಬೆದೆ ನೋಡಿ ಬಿತ್ತು’ ಎಂಬ ಗಾದೆ ವಿಜ್ಞಾನದ ಪಾಠವೇ ಆಗಿದೆ.

ಹತ್ತಿ: ನಾಟಿಯಿಂದ ಹೈಬ್ರಿಡ್‌ವರೆಗೆ

ಪ್ರಪಂಚದಲ್ಲಿ ಬೆಳೆಯುವ ಹತ್ತಿಯಲ್ಲಿ ನಾಲ್ಕು ಜಾತಿಗಳಿವೆ. ಎರಡು ನಮ್ಮ ಹಳೆಯ ಜಗತ್ತಿನವು. ಇವನ್ನು ನಾಟಿ ಹತ್ತಿ ಎನ್ನುತ್ತೇವೆ. ಇನ್ನೆರಡು ಅಮೆರಿಕ ಖಂಡದಿಂದ ಬಂದವು. ಬಳ್ಳಾರಿ, ಆದವಾನಿ, ರಾಯದುರ್ಗಗಳ ಎರೆಯಲ್ಲಿ ಬೆಳೆಯುತ್ತಿದ್ದ ನಾಟಿ ಹತ್ತಿಗೆ ವ್ಯಾಪಾರಿಗಳು ‘ವೆಸ್ಟರ್ನ್ಸ್’ ಎಂದು ಹೆಸರಿಟ್ಟಿದ್ದರು. ಅದರಿಂದ ಆರಿಸಿ ತೆಗೆದ ‘ಹಗರಿ–1’ ಎಂಬ ತಳಿ ಒಂದು ಕಾಲದಲ್ಲಿ ಹೆಸರುವಾಸಿಯಾಗಿತ್ತು. ಧಾರವಾಡದ ಕಡೆಯ ‘ಜಯಧರ’ವೂ ಇದೇ ಜಾತಿಯದು.

ಈ ನಾಟಿ ಹತ್ತಿ ಒಣ ಭೂಮಿಗೆ ಹೇಳಿ ಮಾಡಿಸಿದಂತಿತ್ತು. ಅದರ ತಾಯಿಬೇರು ಆಳಕ್ಕೆ ಇಳಿಯುತ್ತದೆ. ರಸ ಹೀರುವ ಹುಳುಗಳ ಕಾಟ ಅದಕ್ಕೆ ಕಡಿಮೆ. ಹುಬ್ಬೆ, ಉತ್ತರೆ ಮಳೆಗೆ ಬಿತ್ತಿದರೆ ಚಳಿಗಾಲದ ಇಬ್ಬನಿಯಲ್ಲಿ ಬೆಳೆದು ಬೇಸಗೆಯ ಮೊದಲಿಗೆ ಹತ್ತಿ ಕೊಡುತ್ತದೆ. ಔಷಧಿಯ ಖರ್ಚು ಇಲ್ಲವೆಂದೇ ಹೇಳಬಹುದು. ಬೀಜ ಮನೆಯದೇ. ಆದರೆ ಕಾಯಿ ಸಣ್ಣದು, ಎಳೆ ಗಿಡ್ಡ, ಇಳುವರಿ ಕಡಿಮೆ. ಗಿರಣಿಗಳಿಗೆ ಬೇಕಾದುದು ಉದ್ದ ಎಳೆ. ಹೀಗಾಗಿ ಅದಕ್ಕೆ ಬೆಲೆ ಸಿಗಲಿಲ್ಲ.

1970ರಲ್ಲಿ ಗುಜರಾತಿನ ಸೂರತ್ ಕೇಂದ್ರದಿಂದ ಸಿ. ಟಿ. ಪಟೇಲರ ‘ಹೈಬ್ರಿಡ್–4’ ಬಂದಿತು. 1972ರಲ್ಲಿ ಧಾರವಾಡದಿಂದ ಬಿ. ಎಚ್. ಕಟರ್ಕಿ ಅವರ ‘ವರಲಕ್ಷ್ಮಿ’ ಬಂದಿತು. ಎರಡು ಬೇರೆ ಬೇರೆ ಜಾತಿಗಳನ್ನು ಕೂಡಿಸಿ ಮಾಡಿದ ಆ ತಳಿಯ ಉದ್ದ ಎಳೆಗೆ ಗಿರಣಿಗಳಲ್ಲಿ ಬಹಳ ಬೇಡಿಕೆ ಇತ್ತು. ಇವು ನೀರು, ಗೊಬ್ಬರ, ಔಷಧಿ ಮೂರನ್ನೂ ಚೆನ್ನಾಗಿ ಉಣ್ಣುವ ತಳಿಗಳು. ಹೈಬ್ರಿಡ್ ಬೀಜವನ್ನು ಮನೆಯಲ್ಲಿ ಉಳಿಸಿಕೊಂಡು ಬಿತ್ತುವಂತಿಲ್ಲ. ಬಿತ್ತಿದರೆ ಮಕ್ಕಳು ತಾಯಿಯಂತೆ ಇರುವುದಿಲ್ಲ. ಬೀಜ ಅಂಗಡಿಯ ಸರಕಾದದ್ದು ಆಗಿನಿಂದ.

2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯದ ಗುಣವನ್ನು ಹತ್ತಿಗೆ ಸೇರಿಸಿ, ಕಾಯಿಕೊರಕ ಹುಳು ಗಿಡವನ್ನು ತಿಂದರೆ ಸಾಯುವಂತೆ ಮಾಡಿದ ತಳಿ ಇದು. ಹತ್ತು ವರ್ಷದೊಳಗೆ ದೇಶದ ಹತ್ತಿ ಹೊಲಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಇದೇ ಆಯಿತು. ಮೊದಲು ಹಸಿರು ಕಾಯಿಕೊರಕದ ಹಾವಳಿ ತಗ್ಗಿತು, ಔಷಧಿಯ ಖರ್ಚು ಇಳಿಯಿತು ಎಂಬುದು ನಿಜ. ಆದರೆ 2010ರ ನಂತರದ ವರ್ಷಗಳಲ್ಲಿ ಗುಲಾಬಿ ಕಾಯಿಕೊರಕ ಆ ವಿಷವನ್ನು ಅರಗಿಸಿಕೊಳ್ಳುವುದನ್ನು ಕಲಿಯಿತು. ಸಂಕ್ರಾಂತಿ ಕಳೆದರೂ ಇನ್ನೊಂದು ಬಿಡಿಸು ಸಿಕ್ಕೀತೆಂದು ಗಿಡ ನಿಲ್ಲಿಸಿದರೆ ಆ ಹುಳುವಿಗೆ ನಾವೇ ಬಿಡಾರ ಕೊಟ್ಟಂತೆ. ಡಿಸೆಂಬರ್–ಜನವರಿಯೊಳಗೆ ಬೆಳೆ ಮುಗಿಸಿ, ಕಟ್ಟಿಗೆ ಕಿತ್ತು ಹೊಲ ಸ್ವಚ್ಛ ಮಾಡಬೇಕೆಂದು ತಿಳಿದವರು ಹೇಳುವುದು ಇದಕ್ಕೇ.

ಪಾಲಕರು ಗಮನಿಸಬೇಕಾದ ಮಾತು ಇನ್ನೊಂದಿದೆ. ಬಿಟಿ ಗುಣ ಹುಳುವಿಗೆ ಮಾತ್ರ ಸಂಬಂಧಿಸಿದ್ದು. ಬರವನ್ನು ತಡೆಯುವ ಶಕ್ತಿ ಅದರಲ್ಲಿಲ್ಲ. ದುಬಾರಿ ಬೀಜ ಹಾಕಿದ ಮಾತ್ರಕ್ಕೆ ಮಸಾರಿ ಎರೆಯಾಗುವುದಿಲ್ಲ. ನಮ್ಮ ದೇಶದ ಹತ್ತಿ ಹೊಲದಲ್ಲಿ ಮೂರಕ್ಕೆ ಎರಡು ಪಾಲಿನಷ್ಟು ಇಂದಿಗೂ ಮಳೆಯನ್ನೇ ನಂಬಿದೆ. ಅಲ್ಲಿ ತಳಿಯನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ಕ್ವಿಂಟಲ್ ಬರುತ್ತದೆ?’ ಎಂಬುದಲ್ಲ, ‘ಎಷ್ಟು ದಿನಕ್ಕೆ ಮುಗಿಯುತ್ತದೆ?’ ಎಂಬುದು. ಹಗೇವಿನ ನೀರು ತೀರುವ ಮುನ್ನ ಕಾಯಿ ಬಲಿಯುವ, ಬೇಗ ಮುಗಿಯುವ ತಳಿಯೇ ಒಣ ಹೊಲಕ್ಕೆ ಲೇಸು.

ಒಂಟಿ ಬೆಳೆಯಲ್ಲ, ಅಕ್ಕಡಿ

ನಮ್ಮ ಹಿರಿಯರು ಹತ್ತಿಯನ್ನು ಒಂಟಿಯಾಗಿ ಬಿತ್ತುತ್ತಿರಲಿಲ್ಲ. ಬಳ್ಳಾರಿ, ಕರ್ನೂಲುಗಳ ಎರೆಯಲ್ಲಿ ನವಣೆಯೊಡನೆ ಹತ್ತಿ ಹಾಕುವುದು ಹಳೆಯ ರೂಢಿ. ತೆಲುಗಿನಲ್ಲಿ ನವಣೆಗೆ ಕೊರ್ರ ಎನ್ನುತ್ತಾರೆಂಬುದು ನಿಮಗೆ ಗೊತ್ತೇ ಇದೆ. ನವಣೆಯ ಕೆಲವು ಸಾಲುಗಳಿಗೆ ಒಂದು ಸಾಲು ಹತ್ತಿ. ನವಣೆ ಮೂರು ತಿಂಗಳೊಳಗೆ ಕೊಯ್ಲಿಗೆ ಬಂದು ಮನೆಗೆ ಕಾಳು, ದನಕ್ಕೆ ಮೇವು ಕೊಟ್ಟು ಹೋಗುತ್ತದೆ. ಅಲ್ಲಿಯವರೆಗೆ ಮೆಲ್ಲಗೆ ಬೇರು ಇಳಿಸುತ್ತಿದ್ದ ಹತ್ತಿಗೆ ಆಮೇಲೆ ಇಡೀ ಹೊಲವೇ ಸಿಗುತ್ತದೆ.

ಇದರ ಹಿಂದಿನ ಯುಕ್ತಿ ನೋಡಿರಿ. ನವಣೆಯ ಬೇರು ಮೇಲುಪದರದ್ದು, ಹತ್ತಿಯದು ಆಳದ್ದು; ಇಬ್ಬರೂ ಒಂದೇ ಗಡಿಗೆಗೆ ಕೈ ಹಾಕುವುದಿಲ್ಲ. ನವಣೆಗೆ ಮುಂಗಾರಿನ ಮಳೆ ಸಾಕು, ಹತ್ತಿಗೆ ಹಿಂಗಾರಿನ ಮಳೆ ಬೇಕು. ಒಂದು ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ. ನವಣೆ ಮನೆಗೆ ಬಂದಿದ್ದರೆ ಹತ್ತಿ ಹೋದ ವರ್ಷವೂ ಒಲೆ ಉರಿಯುತ್ತಿತ್ತು. ಸಾಲ ಆಗುತ್ತಿತ್ತೇನೋ, ಊರು ಬಿಡುವ ಸ್ಥಿತಿ ಬೇಗ ಬರುತ್ತಿರಲಿಲ್ಲ.

ಇಂದಿನ ಹೈಬ್ರಿಡ್ ಹತ್ತಿಯನ್ನು ಮುಂಗಾರಿಗೇ ಬಿತ್ತುವುದರಿಂದ ನವಣೆಯ ಹಳೆಯ ಅಳತೆ ಹಾಗೆಯೇ ಒಪ್ಪಲಾರದು. ಆದರೆ ಯುಕ್ತಿ ಅದೇ. ಹತ್ತಿಯ ಸಾಲುಗಳ ನಡುವೆ ಹೆಸರು, ಉದ್ದು, ಅಲಸಂದಿಯಂಥ ಬೇಗ ಬರುವ ಕಾಳುಗಳನ್ನು ಹಾಕಬಹುದು. ಆರೇಳು ಸಾಲು ಹತ್ತಿಗೆ ಒಂದು ಸಾಲು ತೊಗರಿ ಹಾಕುವವರೂ ನಮ್ಮಲ್ಲಿದ್ದಾರೆ. ಈ ಕಾಳಿನ ಗಿಡಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತವೆಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಅದರ ಪ್ರಯೋಗಶಾಲೆ ನಿಮ್ಮ ಹೊಲದಲ್ಲೇ ಇದೆ. ಒಂದು ಅಲಸಂದಿ ಗಿಡ ಕಿತ್ತು ಬೇರು ನೋಡಿರಿ.

ಪುಂಡಿ, ಸೆಣಬು, ಕತ್ತಾಳೆ

ಪುಂಡಿ ಎಂದೊಡನೆ ನಮಗೆ ಪಲ್ಯ ನೆನಪಾಗುತ್ತದೆ. ತೆಲುಗಿನವರ ಗೋಂಗೂರವೂ ಇದೇ ಬಳಗದ್ದು. ಆದರೆ ಒಂದು ತಲೆಮಾರಿನ ಹಿಂದೆ ಜೋಳದ ಹೊಲದ ಅಂಚಿನಲ್ಲಿ, ಅಕ್ಕಡಿ ಸಾಲುಗಳಲ್ಲಿ ಪುಂಡಿ ಬಿತ್ತುತ್ತಿದ್ದುದು ಸೊಪ್ಪಿಗೂ ನಾರಿಗೂ ಕೂಡಿಯೇ. ಎಳೆಯದಿದ್ದಾಗ ಸೊಪ್ಪು, ಬಲಿತ ಮೇಲೆ ನಾರು, ನಾರು ಸುಲಿದ ಮೇಲೆ ಒಲೆಗೆ ಕಟ್ಟಿಗೆ. ದನಕ್ಕೆ ಕಣ್ಣಿ, ಬಾವಿಗೆ ಹಗ್ಗ, ಹೊರಸಿಗೆ ನುಲಿ, ಅಡುಗೆಮನೆಗೆ ನೆಲುವು – ಇವೆಲ್ಲ ಪುಂಡಿ ನಾರಿನಿಂದ ಮನೆಯಲ್ಲೇ ಆಗುತ್ತಿದ್ದವು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಹಗ್ಗ ಬಂದಿದೆ. ವಸ್ತುಗಳು ಹೋದಂತೆ ಅವುಗಳ ಹೆಸರುಗಳೂ ಹೋಗುತ್ತಿವೆ. ನೆಲುವು ಎಂದರೇನೆಂದು ತರಗತಿಯಲ್ಲಿ ಕೇಳಿದರೆ ಇಬ್ಬರೋ ಮೂವರೋ ಕೈ ಎತ್ತುತ್ತಾರೆ.

ನಾರಿಗೆಂದು ಬೆಳೆದ ಪುಂಡಿಯನ್ನು ಹೂ ಬಿಡುವ ಹೊತ್ತಿಗೆ ಕೊಯ್ಯಬೇಕು. ತಡವಾದರೆ ನಾರು ಒರಟಾಗುತ್ತದೆ. ಕೊಯ್ದ ಕಾಂಡಗಳನ್ನು ಕಟ್ಟು ಕಟ್ಟಿ, ಎಲೆ ಉದುರಿದ ಮೇಲೆ ನೀರಿನಲ್ಲಿ ಮುಳುಗಿಸಿ 10ರಿಂದ 15 ದಿನ ಕೊಳೆಹಾಕುತ್ತಾರೆ. ನೀರಿನಲ್ಲಿರುವ ಬ್ಯಾಕ್ಟೀರಿಯಗಳು ತೊಗಟೆಯ ಅಂಟನ್ನು ತಿನ್ನುತ್ತವೆ, ನಾರು ಬಿಡಿಯಾಗುತ್ತದೆ. ಆಮೇಲೆ ಸುಲಿದು, ಬಡಿದು, ತೊಳೆದು ಒಣಗಿಸುವುದು. ಇಲ್ಲೊಂದು ತೊಡಕನ್ನು ಮುಚ್ಚಿಡುವಂತಿಲ್ಲ. ನೀರಿಲ್ಲದೆ ಬೆಳೆಯುವ ಈ ಬೆಳೆ ನಾರು ಬಿಡುವುದಕ್ಕೆ ಮಾತ್ರ ನೀರು ಕೇಳುತ್ತದೆ. ಕುಡಿಯುವ ನೀರಿನ ಕೆರೆಯಲ್ಲಿ ಕೊಳೆಹಾಕಿದರೆ ನೀರು ನಾರುತ್ತದೆ, ಮೀನು ಸಾಯುತ್ತದೆ. ಹೊಲದ ಮೂಲೆಯಲ್ಲಿ ಒಂದು ಗುಂಡಿಯಲ್ಲಿ ಮಳೆನೀರು ನಿಲ್ಲಿಸಿಕೊಂಡವರಿಗೆ ಮಾತ್ರ ಈ ಕೆಲಸ ಒಪ್ಪುತ್ತದೆ.

ಸೆಣಬಿಗೆ ತೆಲುಗಿನಲ್ಲಿ ಜನುಮು ಎನ್ನುತ್ತಾರೆ. ಬಂಗಾಳದಿಂದ ಬರುವ ಗೋಣಿಚೀಲದ ಸೆಣಬಿಗೂ ಇದಕ್ಕೂ ಹೆಸರಷ್ಟೇ ಒಂದು. ಆ ಸೆಣಬಿಗೆ ಹೆಚ್ಚು ಮಳೆ ಬೇಕು; ನಮ್ಮಲ್ಲಿ ಅದು ಬದುಕಲಾರದು. ನಮ್ಮ ಸೆಣಬು ಹಳದಿ ಹೂವಿನ, ದ್ವಿದಳ ಜಾತಿಯ ಗಿಡ. ನಾರಿಗಾಗಿ ಬೆಳೆಯುವಾಗ ಒತ್ತಾಗಿ ಬಿತ್ತುತ್ತಾರೆ; ಆಗ ಗಿಡ ಕವಲೊಡೆಯದೆ ನೆಟ್ಟಗೆ ಬೆಳೆದು ಉದ್ದ ನಾರು ಕೊಡುತ್ತದೆ. ನಾರು ಬೇಡವೆಂದರೆ ಸುಮಾರು 45–50 ದಿನಕ್ಕೆ, ಹೂ ಕಾಣುವ ಹೊತ್ತಿಗೆ, ಅದನ್ನು ನೆಲಕ್ಕೆ ಮಗುಚಿ ಹಾಕಿದರೆ ಒಳ್ಳೆಯ ಹಸಿರು ಗೊಬ್ಬರ. ಆದರೆ ಅದು ಕೊಳೆಯುವುದಕ್ಕೂ ತೇವ ಬೇಕು. ಆದ್ದರಿಂದ ಮುಂಗಾರಿಗೆ ಸೆಣಬು ಬಿತ್ತಿ, ಹಿಂಗಾರಿ ಜೋಳಕ್ಕೆ ಮುಂಚೆ ಸಾಕಷ್ಟು ದಿನ ಬಿಟ್ಟು ಮಗುಚುವುದು ಆಳವಾದ ಎರೆಗೆ ಸರಿ. ತೆಳು ಮಸಾರಿಯಲ್ಲಿ ಅದು ಮುಂದಿನ ಬೆಳೆಯ ನೀರನ್ನೇ ಕುಡಿದೀತು.

ಕತ್ತಾಳೆಗೆ ಹೊಲವೇ ಬೇಡ, ಬದು ಸಾಕು. ಇತರ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಉಸಿರಾಡಿದರೆ ಕತ್ತಾಳೆ ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಹಗಲಿನ ಬಿಸಿಲಿಗೆ ನೀರು ಕಳೆದುಕೊಳ್ಳುವುದಿಲ್ಲ. ಮೆಕ್ಸಿಕೊದಿಂದ ಬಂದ ಈ ಗಿಡ ಕಲ್ಲುನೆಲದಲ್ಲೂ ನಿಲ್ಲುವ ಗುಟ್ಟು ಇದೇ. ಎಲೆಯ ತೂಕದಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟೇ ನಾರು ಸಿಗುವುದರಿಂದ ಇದರಿಂದ ಸಿರಿವಂತರಾಗುವ ಆಸೆ ಬೇಡ. ಆದರೆ ಬದು ಗಟ್ಟಿಯಾಗುತ್ತದೆ, ದನಗಳಿಗೆ ಬೇಲಿಯಾಗುತ್ತದೆ, ಬರದ ವರ್ಷವೂ ಹಗ್ಗಕ್ಕೆ ನಾರು ಸಿಗುತ್ತದೆ. ಎಲೆಯ ರಸ ಮೈಗೆ ತಾಗಿದರೆ ತುರಿಕೆ ಬರುವುದರಿಂದ ಮಕ್ಕಳು ಅದನ್ನು ಜಜ್ಜುವ ಕೆಲಸಕ್ಕೆ ಹೋಗಬಾರದು.

ಬಿತ್ತುವ ಮುಂಚೆ ಒಂದು ಲೆಕ್ಕ

ಈಗ ಗಣಿತದ ನೋಟುಪುಸ್ತಕ ತೆಗೆಯಿರಿ. ಇಲ್ಲಿರುವ ಖರ್ಚು ಮತ್ತು ಬೆಲೆಗಳು ಉದಾಹರಣೆಗಾಗಿ ಹಾಕಿದವು. ನಿಮ್ಮ ಮನೆಯ ಅಂಕಿಗಳನ್ನು ತಂದೆತಾಯಿಯರನ್ನು ಕೇಳಿ ಹಾಕಿಕೊಳ್ಳಿರಿ.

ಒಂದು ಎಕರೆ ಹತ್ತಿಗೆ ಬೀಜ, ಗೊಬ್ಬರ, ಔಷಧಿ, ಕೂಲಿ ಸೇರಿ 20,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳೋಣ. ಕ್ವಿಂಟಲಿಗೆ 7,000 ರೂಪಾಯಿ ಸಿಕ್ಕಿತು ಎನ್ನೋಣ. ಐದು ಕ್ವಿಂಟಲ್ ಬಂದರೆ 35,000; ಲಾಭ 15,000. ಮೂರು ಕ್ವಿಂಟಲ್ ಬಂದರೆ 21,000; ಲಾಭ ಒಂದೇ ಸಾವಿರ. ಎರಡು ಕ್ವಿಂಟಲ್ ಬಂದರೆ 14,000, ನಷ್ಟ 6,000. ಆ 20,000 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ಎಂಟು ತಿಂಗಳಿಗೆ ಸಾಲ ತಂದಿದ್ದರೆ ಬಡ್ಡಿಯೇ 3,200. ಆಗ ಮೂರು ಕ್ವಿಂಟಲ್ ಬೆಳೆದವನಿಗೂ 2,200 ರೂಪಾಯಿ ನಷ್ಟ. ಸುಮಾರು 3.3 ಕ್ವಿಂಟಲ್ ದಾಟಿದ ಮೇಲೆಯೇ ಅವನ ಬೆವರಿಗೆ ಬೆಲೆ.

ಈಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಕಳೆದ ಐದು ವರ್ಷಗಳಲ್ಲಿ ನಮ್ಮ ಹೊಲ ಎಷ್ಟು ಸಲ 3.3 ಕ್ವಿಂಟಲ್ ದಾಟಿದೆ? ಮೂರು ನಾಲ್ಕು ಸಲ ದಾಟಿದ್ದರೆ ಆ ಹೊಲ ಹತ್ತಿಯ ಹೊಲ. ಒಂದೇ ಸಲ ದಾಟಿದ್ದರೆ ಅದಕ್ಕೆ ನವಣೆ, ಸಜ್ಜೆ, ತೊಗರಿಗಳೇ ಲೇಸು. ಅಂಥ ಹೊಲದಲ್ಲಿ ಹತ್ತಿಯ ಆಸೆ ಬಿಡದಿದ್ದರೆ ಒಂದು ಭಾಗದಲ್ಲಿ ಮಾತ್ರ ಹಾಕಬಹುದು. ಇದು ನಮ್ಮ ಲೇಖನದ ಮುಖ್ಯ ಮಾತು. ಮಳೆ ನಮ್ಮ ಕೈಯಲ್ಲಿಲ್ಲ. ಯಾವ ನೆಲದಲ್ಲಿ ಎಷ್ಟು ಹತ್ತಿ ಎಂಬುದು ನಮ್ಮ ಕೈಯಲ್ಲಿದೆ.

ಬೆಲೆಯ ಬಗ್ಗೆಯೂ ಒಂದು ಮಾತು. ಭಾರತೀಯ ಹತ್ತಿ ನಿಗಮ 1970ರಲ್ಲಿ ಸ್ಥಾಪನೆಯಾಯಿತು. ಮಾರುಕಟ್ಟೆಯ ದರ ಬೆಂಬಲ ಬೆಲೆಗಿಂತ ಕೆಳಗಿಳಿದರೆ ಅದು ಕೊಳ್ಳುತ್ತದೆ. 2025–26ರ ಹಂಗಾಮಿಗೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲಿಗೆ 7,710 ರೂಪಾಯಿ, ಉದ್ದ ಎಳೆಯದಕ್ಕೆ 8,110 ರೂಪಾಯಿ ಗೊತ್ತು ಮಾಡಲಾಗಿತ್ತು. ಪೂರ್ತಿ ಬೆಲೆ ಸಿಗಬೇಕಾದರೆ ಹತ್ತಿಯಲ್ಲಿ ತೇವ ನೂರಕ್ಕೆ ಎಂಟು ಪಾಲು ಮೀರಬಾರದು. ಮೀರಿದಷ್ಟೂ ಕಡಿತ, ಹನ್ನೆರಡು ದಾಟಿದರೆ ಕೊಳ್ಳುವುದೇ ಇಲ್ಲ. ಆದ್ದರಿಂದ ಇಬ್ಬನಿ ಆರಿದ ಮೇಲೆ ಬಿಡಿಸಬೇಕು, ನೆಲದ ಮೇಲೆ ಸುರಿಯದೆ ಬಟ್ಟೆಯ ಮೇಲೆ ಒಣಗಿಸಬೇಕು, ಒಣ ಎಲೆ ತೆಗೆಯಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಅದರ ಎಳೆಗಳು ಹತ್ತಿಯಲ್ಲಿ ಸೇರಿ ನೂಲು ಕೆಡುತ್ತದೆ. ಬಟ್ಟೆಯ ಚೀಲವೇ ಒಳ್ಳೆಯದು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ನಿಮಗೆ ಎರಡು ಭಾಷೆ ಓದಲು ಬರುತ್ತದೆ. ಮನೆಯಲ್ಲಿ ಎಷ್ಟೋ ಹಿರಿಯರಿಗೆ ಆ ಅವಕಾಶ ಇರಲಿಲ್ಲ. ಈ ವಿದ್ಯೆಯನ್ನು ಹೊಲಕ್ಕೂ ಬಳಸಿರಿ.

1. ಬೀಜದ ಚೀಲದ ಮೇಲೆ ಅಚ್ಚಾಗಿರುವುದನ್ನು ಪೂರ್ತಿಯಾಗಿ ಓದಿ ಹೇಳಿರಿ. ಮೊಳಕೆಯ ಪ್ರಮಾಣ, ಬಳಸಬೇಕಾದ ಕಡೆಯ ದಿನ, ಲಾಟ್ ನಂಬರು ಗುರುತು ಹಾಕಿಕೊಳ್ಳಿರಿ. ಬಿಲ್ಲನ್ನೂ ಖಾಲಿ ಚೀಲವನ್ನೂ ಬೆಳೆ ಮುಗಿಯುವವರೆಗೆ ಜೋಪಾನವಾಗಿಡಿರಿ. ಮೊಳಕೆ ಬಾರದಿದ್ದರೆ ಅವೇ ಸಾಕ್ಷಿ.

2. ನೇರ ಗೋಡೆಯ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು ಪ್ರತಿ ಮಳೆಯನ್ನೂ ಅಳತೆಪಟ್ಟಿಯಿಂದ ಅಳೆದು ತಾರೀಖಿನೊಡನೆ ಬರೆಯಿರಿ. ಮೃಗಶಿರದಿಂದ ಸ್ವಾತಿಯವರೆಗೆ ಒಂದೊಂದು ಮಳೆಯ ಹೆಸರಿನ ಮುಂದೆ ಒಂದೊಂದು ಅಂಕಿ ಬರಲಿ.

3. ಹೊಲದಲ್ಲಿ ಎಲ್ಲಿ ಮಣ್ಣು ಆಳ, ಎಲ್ಲಿ ತೆಳು ಎಂಬುದನ್ನು ಅಗೆದು ನೋಡಿ ಒಂದು ನಕ್ಷೆ ಬರೆಯಿರಿ.

4. ಮೇಲೆ ಹೇಳಿದ ಖರ್ಚಿನ ಲೆಕ್ಕವನ್ನು ವರ್ಷಕ್ಕೊಂದು ಪುಟದಂತೆ ಬರೆದಿಡಿರಿ. ಐದು ವರ್ಷದ ಪುಟಗಳು ಯಾವ ಪಂಡಿತನ ಉಪದೇಶಕ್ಕಿಂತಲೂ ಹೆಚ್ಚು ಹೇಳುತ್ತವೆ.

ಪಾಲಕರಲ್ಲಿ ಒಂದು ವಿನಂತಿ

ಹತ್ತಿ ಬಿಡಿಸುವ ಕಾಲದಲ್ಲಿ ಮನೆಯಲ್ಲಿ ಕೈ ಸಾಲುವುದಿಲ್ಲ, ಕೂಲಿಯವರು ಸಿಗುವುದಿಲ್ಲ ಎಂಬುದನ್ನು ನಾವು ಬಲ್ಲೆವು. ನಾವೂ ಹುಡುಗರಾಗಿದ್ದಾಗ ಉಡಿಯಲ್ಲಿ ಹತ್ತಿ ತುಂಬಿಕೊಂಡು ಸಾಲು ಹಿಡಿದವರೇ. ಭಾನುವಾರ, ಶಾಲೆ ಬಿಟ್ಟ ಮೇಲೆ, ಮಗ ಮಗಳು ತಮ್ಮ ಹೊಲದಲ್ಲಿ ಒಂದಿಷ್ಟು ಕೈ ಹಾಕಿದರೆ ನಾವು ಬೇಡವೆನ್ನುವುದಿಲ್ಲ. ಆದರೆ ನವೆಂಬರಿನಿಂದ ಜನವರಿಯವರೆಗೆ ತರಗತಿ ಬಿಟ್ಟ ಮಗು ಫೆಬ್ರವರಿಯಲ್ಲಿ ಬಂದು ಕುಳಿತಾಗ ಪಾಠ ಬಹಳ ಮುಂದೆ ಹೋಗಿರುತ್ತದೆ. ಮಗು ನಾಚಿಕೊಳ್ಳುತ್ತದೆ, ಮುಂದಿನ ವರ್ಷ ಬರುವುದೇ ಇಲ್ಲ. ಹಾಗೆ ಬಿಟ್ಟುಹೋದವರ ಹೆಸರುಗಳನ್ನು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಅಂಥ ಕಷ್ಟದ ಕೆಲಸ ಇನ್ನೊಂದಿಲ್ಲ.

ಹತ್ತಿಯ ಮೇಲೆ ಮನೆಯ ಎಲ್ಲ ಭಾರವನ್ನೂ ಹಾಕದೆ, ನೆಲದ ಆಳ ನೋಡಿ, ಕಾಳನ್ನೂ ಜೊತೆಗೆ ಬಿತ್ತಿ, ಸಾಲವನ್ನು ಲೆಕ್ಕದೊಳಗೆ ಇಟ್ಟ ಮನೆಯಲ್ಲಿ ಬರದ ವರ್ಷವೂ ಮಗು ಶಾಲೆಗೆ ಬಂದೀತು. ನೆಲ ಅಳೆಯುವುದು, ಮಳೆ ಬರೆಯುವುದು, ಖರ್ಚು ಕೂಡಿಸುವುದು ಹಣ ಬೇಡುವ ಕೆಲಸಗಳಲ್ಲ. ‘ಮಳೆ ಬಂದರೆ ಹತ್ತಿ, ಬಾರದಿದ್ದರೆ ಸಾಲ’ ಎಂದು ಬರೆದ ವಿದ್ಯಾರ್ಥಿನಿ ಮುಂದಿನ ವರ್ಷ ಹತ್ತನೆಯ ತರಗತಿಯಲ್ಲಿರುತ್ತಾಳೆ. ಅವಳಿಗೆ ಅದೇ ವಿಷಯವನ್ನು ಮತ್ತೆ ಕೊಟ್ಟು ಪ್ರಬಂಧ ಬರೆಸಬೇಕೆಂದಿದ್ದೇವೆ. ಕಡೆಯ ವಾಕ್ಯ ಬೇರೆಯಾಗಿರಲಿ, ಅದನ್ನು ಬರೆಯಲು ಅವಳು ತನ್ನ ಬೆಂಚಿನಲ್ಲೇ ಇರಲಿ ಎಂಬುದು ನಮ್ಮ ಹಾರೈಕೆ.